ಎಡಕ್ಕೆ ಮುಖ ಮಾಡಿದ ಎತ್ತು

ಆ ಪೇಜ್ ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಬೆರೆಸಿ ತಂದು ಕೂರಬಹುದಿತ್ತು. ಮಾತಿಗೆ ಹೇಳುತ್ತಿಲ್ಲ, ನಾನು ಹಾಗೆ ಮಾಡಿಯೇ ನೋಡಿದೆ. ಹಾಸನದ ನನ್ನ ಮನೆಯ ಮುಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಹಳ್ಳಿಕಾರ್ ತಳಿಯ ದನ ಸಾಕುವವರ ಸಂಘದ ವೆಬ್‌ಸೈಟ್ ಒತ್ತಿ, ಅಡುಗೆಮನೆಗೆ ಹೋಗಿ ಲೋಟ ಹಿಡಿದು ಬಂದರೂ ಮೊದಲನೆಯ ಎತ್ತಿನ ಕೊಂಬು ಮಾತ್ರ ಮೂಡಿತ್ತು. ಕೊಂಬಿನ ಕೆಳಗೆ ಬರೀ ಬೂದು ಬಣ್ಣ.

ಸಂಘ ಇರುವುದು ಚನ್ನರಾಯಪಟ್ಟಣದಲ್ಲಿ. ಅದರ ಕಾರ್ಯದರ್ಶಿ ನಿವೃತ್ತ ಪಶುವೈದ್ಯರು. ದಲ್ಲಾಳಿಗಳ ಕೈಗೆ ಬೀಳದೆ ರೈತರು ರೈತರಿಗೇ ದನ ಮಾರಲಿ ಎಂದು ಅವರು ಈ ಸೈಟ್ ಮಾಡಿಸಿದ್ದರು. ಸದಸ್ಯರು ತಮ್ಮ ಫೋನಿನಲ್ಲೇ ಫೋಟೋ ಹಿಡಿದು ಹಾಕುತ್ತಾರೆ, ಬೇಕಾದವರು ನೇರವಾಗಿ ಫೋನ್ ಮಾಡುತ್ತಾರೆ. ನಾನು ಒಂದು ಶಾಲೆಗೆ ಮಾಡಿಕೊಟ್ಟಿದ್ದ ಪೇಜ್ ನೋಡಿ ಅವರು ನನ್ನನ್ನು ಹುಡುಕಿಕೊಂಡು ಬಂದರು. ಬಾಗಿಲಲ್ಲಿ ನರೆತ ತಲೆ ಕಂಡು ಒಂದು ಕ್ಷಣ ಹಿಂದೆಮುಂದೆ ನೋಡಿದರು, ಪಾಪ. ಆಮೇಲೆ ಒಳಗೆ ಬಂದು ಕೂತು, “ನಿಮ್ಮದು ಭಾಳ ನೀಟ್ ಇದೆ ಮೇಡಂ. ನಮ್ಮದನ್ನೂ ಹಾಗೆ ನೀಟ್ ಮಾಡಿಕೊಡಿ” ಅಂದರು. ಎಪ್ಪತ್ತು ದಾಟಿದ ಹೆಂಗಸನ್ನು ಕೆಲಸಕ್ಕಾಗಿ ಹುಡುಕಿಕೊಂಡು ಬರುವವರು ಎಷ್ಟು ಜನ? ಆ ಖುಷಿಯಲ್ಲಿ ಆ ದಿನ ಎರಡು ಸಲ ಕಾಫಿ ಕೊಟ್ಟೆ.

ಸೈಟ್ ನಿಧಾನವಾಗಲು ಕಾರಣ ಸರಳವಾಗಿತ್ತು. ಈಗಿನ ಫೋನಿನ ಒಂದೊಂದು ಫೋಟೋ ನಾಲ್ಕೈದು ಎಂಬಿ ತೂಗುತ್ತದೆ. ಅಂಥವು ಇನ್ನೂರಕ್ಕೂ ಹೆಚ್ಚು ಸೈಟಿಗೆಂದು ಬಾಡಿಗೆಗೆ ಹಿಡಿದಿದ್ದ ಒಂದು ಸಣ್ಣ ಹೋಸ್ಟಿಂಗ್ ಡಿಸ್ಕಿನಲ್ಲಿ ತುಂಬಿ ಕೂತಿದ್ದವು. ಅಂಗೈಯಗಲದ ಸ್ಕ್ರೀನಿಗೆ ಗೋಡೆಯಗಲದ ಚಿತ್ರ ಕಳಿಸುತ್ತಿದ್ದೆವು. ಅರಕಲಗೂಡಿನ ಕಡೆ ನೆಟ್‌ವರ್ಕ್ ಸಿಗಲೆಂದು ಹೊಗೆಸೊಪ್ಪಿನ ಹೊಲದ ಬದುವಿನ ಮೇಲೆ ಹತ್ತಿ ನಿಂತವರಿಗೆ ಅದು ಎಲ್ಲಿ ತೆರೆದುಕೊಳ್ಳಬೇಕು?

ಪ್ಲಾನ್ ಹೀಗೆ ಹಾಕಿದೆ. ಫೋಟೋಗಳನ್ನೆಲ್ಲ ಕ್ಲೌಡ್ ಸ್ಟೋರೇಜಿಗೆ ಸಾಗಿಸುವುದು. ಅಲ್ಲಿ ಫೈಲುಗಳನ್ನು ಇಡುವ ಜಾಗಕ್ಕೆ ಬಕೆಟ್ ಅನ್ನುತ್ತಾರೆ. ತುಂಬಿ ತುಳುಕುವ ಭಯವಿಲ್ಲದ ಬಕೆಟ್. ಅದರೊಳಗೆ ಹೊಸ ಫೋಟೋ ಬಿದ್ದ ತಕ್ಷಣ ತಾನಾಗಿ ಎದ್ದು ಕೆಲಸ ಮಾಡುವ ಒಂದು ಸಣ್ಣ ಪ್ರೋಗ್ರಾಂ ಬರೆಯುವುದು. ಅದು ಫೋಟೋವನ್ನು ಕುಗ್ಗಿಸಿ, ಪಟ್ಟಿಯಲ್ಲಿ ತೋರಿಸಲು ಒಂದು ಪುಟ್ಟ ಚೌಕ, ಒತ್ತಿದಾಗ ಕಾಣಿಸಲು ಒಂದು ದೊಡ್ಡ ಚಿತ್ರ ತಯಾರಿಸಬೇಕು. ಬಕೆಟ್ ತೆರೆಯುವಾಗ ಒಂದು ಉದ್ದದ ಫಾರಂ ಬರುತ್ತದೆ. ಅರ್ಥವಾದದ್ದಕ್ಕೂ ಆಗದ್ದಕ್ಕೂ ಎಲ್ಲಕ್ಕೂ ಟಿಕ್ ಹಾಕಿದೆ. ಫಾರಂನಲ್ಲಿ ಖಾಲಿ ಜಾಗ ಬಿಟ್ಟರೆ ನಾನು ಓದಿದ ಕಾನ್ವೆಂಟ್ ಶಾಲೆಯ ಸಿಸ್ಟರ್ ಸಹಿಸುತ್ತಿರಲಿಲ್ಲ.

ಮೊದಲನೆಯ ವಾರ ಚಿತ್ರಗಳು ಅಡ್ಡ ತಿರುಗಿ ಹಸುಗಳೆಲ್ಲ ಮಲಗಿಬಿಟ್ಟವು. ಫೋನನ್ನು ಅಡ್ಡ ಹಿಡಿದೆವೋ ಉದ್ದ ಹಿಡಿದೆವೋ ಎಂಬುದನ್ನು ಫೋಟೋ ತನ್ನೊಳಗೆ ಒಂದು ಗುರುತಾಗಿ ಬರೆದುಕೊಂಡಿರುತ್ತದೆ. ನನ್ನ ಪ್ರೋಗ್ರಾಂ ಕುಗ್ಗಿಸುವಾಗ ಆ ಗುರುತನ್ನು ಕಳಚಿ ಎಸೆಯುತ್ತಿತ್ತು. ಗುರುತನ್ನು ಮೊದಲು ಓದಿ, ಚಿತ್ರವನ್ನು ನೆಟ್ಟಗೆ ನಿಲ್ಲಿಸಿ, ಆಮೇಲೆ ಕುಗ್ಗಿಸುವಂತೆ ತಿದ್ದಿದೆ. ದನಗಳು ಎದ್ದು ನಿಂತವು. ಅರಕಲಗೂಡಿನಲ್ಲೂ ಪೇಜ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯತೊಡಗಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹದ ಅಗತ್ಯವಿರಲಿಲ್ಲ.

ಆದರೆ ಪೇಜ್ ನನ್ನ ಕಣ್ಣಿಗೆ ಸರಿ ಕಾಣಲಿಲ್ಲ. ಒಂದು ಎತ್ತು ಎಡಕ್ಕೆ ಮುಖ ಮಾಡಿದೆ, ಪಕ್ಕದ್ದು ಬಲಕ್ಕೆ, ಅದರ ಕೆಳಗಿನದು ಮತ್ತೆ ಎಡಕ್ಕೆ. ಸಂತೆಯ ಹಾಗೆ. ನಮ್ಮ ಕ್ಲಾಸ್ ಫೋಟೋ ತೆಗೆಸುವಾಗ ಸಿಸ್ಟರ್ ಬೆಂಚಿನ ತುದಿಯಲ್ಲಿ ನಿಂತು, “ಗರ್ಲ್ಸ್, ಒನ್ ಡೈರೆಕ್ಷನ್ ಪ್ಲೀಸ್” ಅನ್ನುತ್ತಿದ್ದರು. ನಲವತ್ತು ಜಡೆಗಳು ಒಟ್ಟಿಗೆ ಪ್ರಾರ್ಥನೆಯ ಚಾಪೆಲ್ ಕಡೆ ತಿರುಗುತ್ತಿದ್ದವು. ಆ ಫೋಟೋ ಈಗಲೂ ನನ್ನ ಮೇಜಿನ ಮೇಲಿದೆ. ಅದರಲ್ಲಿರುವ ಎಷ್ಟೋ ಮುಖಗಳು ಈಗಿಲ್ಲ, ಸಾಲು ಮಾತ್ರ ಇವತ್ತಿಗೂ ನೆಟ್ಟಗಿದೆ.

ಮೂರು ಮಧ್ಯಾಹ್ನ ಕೂತು ಒಂದೊಂದೇ ಚಿತ್ರ ನೋಡಿ, ಎಡಕ್ಕೆ ಮುಖ ಮಾಡಿದವುಗಳ ಪಟ್ಟಿ ಮಾಡಿದೆ. ಪ್ರೋಗ್ರಾಂಗೆ ಒಂದು ಸಾಲು ಸೇರಿಸಿದೆ: ಈ ಪಟ್ಟಿಯಲ್ಲಿರುವುದನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸು. ಅದರ ಕೆಳಗೆ ಇನ್ನೊಂದು: ಸುತ್ತಲಿನ ಗೋಡೆ, ಗೊಬ್ಬರದ ಗುಂಡಿ, ಸೈಕಲ್ಲು ಕಾಣದಂತೆ ದನವನ್ನಷ್ಟೇ ಇಟ್ಟು ಅಂಚು ಕತ್ತರಿಸು. ಬಂದ ಚಿತ್ರವನ್ನು ಮೂಲ ಫೋಟೋದ ಹೆಸರಲ್ಲೇ, ಅದರ ಮೇಲೆಯೇ ಉಳಿಸಿದೆ. ಪೇಜಿನ ಲಿಂಕುಗಳನ್ನು ಬದಲಿಸುವ ಕೆಲಸ ತಪ್ಪಿತು, ಜಾಗವೂ ಉಳಿಯಿತು ಅಂದುಕೊಂಡೆ. ಹಳೆಯ ಹೋಸ್ಟಿಂಗ್ ಡಿಸ್ಕನ್ನು ಖಾಲಿ ಮಾಡಿ ಬಾಗಿಲು ಹಾಕಿದೆ. ಸದಸ್ಯರ ವಾಟ್ಸಾಪ್ ಗುಂಪಿಗೆ, ಫೋಟೋ ಏರಿಸಿದ ಮೇಲೆ ನಿಮ್ಮ ಫೋನಿನಿಂದ ಅಳಿಸಬಹುದು, ಕ್ಲೌಡಿನಲ್ಲಿ ಭದ್ರವಾಗಿರುತ್ತದೆ ಎಂದು ಬರೆದೆ.

ಪೇಜ್ ಈಗ ಶಾಲೆಯ ಅಸೆಂಬ್ಲಿಯ ಸಾಲಿನಂತೆ ಕಾಣುತ್ತಿತ್ತು. ದನಗಳೆಲ್ಲ ಬಲಕ್ಕೆ ಮುಖ ಮಾಡಿ ನಿಂತಿದ್ದವು. ಒಂದು ಸಣ್ಣ ವಿಷಯ ಮಾತ್ರ ಅರ್ಥವಾಗಲಿಲ್ಲ. ದೊಡ್ಡ ಫೈಲುಗಳ ಜಾಗದಲ್ಲಿ ಸಣ್ಣವು ಬಂದ ಮೇಲೆ ಎಷ್ಟು ತುಂಬಿದೆ ಎಂದು ತೋರಿಸುವ ಬಕೆಟ್ಟಿನ ಮೀಟರ್ ಇಳಿಯಬೇಕಿತ್ತು. ಅದು ತುಸು ಏರಿತ್ತು. ಲೆಕ್ಕ ಅಪ್‌ಡೇಟ್ ಆಗಲು ಎರಡು ದಿನ ಬೇಕಾಗಬಹುದು ಎಂದು ಬಿಟ್ಟೆ.

ಕಾರ್ಯದರ್ಶಿ ಒಮ್ಮೆ ಫೋನಿನಲ್ಲಿ ನಗುತ್ತಾ ಹೇಳಿದ್ದರು, ಹೊಳೆನರಸೀಪುರದ ಕಡೆಯ ಸದಸ್ಯರೊಬ್ಬರು “ಏನ್ ಸಾ, ನಮ್ ಜಿಲ್ಲೆ ಎಡದೆತ್ತೆಲ್ಲಾ ಎಲ್ಗೋದೋ?” ಅಂತ ಕೇಳಿದರಂತೆ. ಅವರು ನಕ್ಕರು, ನಾನೂ ನಕ್ಕೆ. ಏನು ಅಂತ ಕೇಳಲಿಲ್ಲ. ಗೊತ್ತಿಲ್ಲದ್ದನ್ನು ಕೇಳಲು ನನಗೆ ಚಿಕ್ಕಂದಿನಿಂದ ಒಂದು ಬಿಗುಮಾನ.

ಎರಡು ವಾರ ಕಳೆದು ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿದರು. ಈ ಸಲ ನಗು ಇರಲಿಲ್ಲ. ಅರಕಲಗೂಡಿನ ಕಡೆಯ ಶುಂಠಿ ಬೆಳೆಗಾರರೊಬ್ಬರು ಸೈಟ್ ನೋಡಿ, ಗಾಡಿ ಮಾಡಿಕೊಂಡು, ಹೊಳೆನರಸೀಪುರ ದಾಟಿ, ಚನ್ನರಾಯಪಟ್ಟಣ ದಾಟಿ, ಹಿರೀಸಾವೆಯ ಒಬ್ಬ ಹೆಂಗಸಿನ ಎತ್ತು ಕೊಳ್ಳಲು ಹೋಗಿದ್ದರಂತೆ. ಅಲ್ಲಿ ಕಂಡದ್ದು ಫೋಟೋದಲ್ಲಿದ್ದ ಎತ್ತಲ್ಲವಂತೆ. ಹೈವೇ ಪಕ್ಕದ ಹೋಟೆಲ್ ಮುಂದೆ, ಬಸ್ಸಿಗೆ ಕಾದಿದ್ದವರ ಎದುರು, ಆಕೆ ಮೋಸಗಾತಿ ಎಂದು ಹೇಳಿ ಬಂದಿದ್ದರು. ಸಂಘಕ್ಕೂ ದೂರು ಕೊಟ್ಟಿದ್ದರು. ಮೋಸ ಮಾಡಿದವರನ್ನು ಪಟ್ಟಿಯಿಂದ ತೆಗೆಯಬೇಕೆಂಬುದು ಸಂಘದ ನಿಯಮ. ಭಾನುವಾರದ ಸಭೆಯಲ್ಲಿ ತೀರ್ಮಾನ.

ಮರುದಿನವೇ ಹಾಸನದಿಂದ ಬಸ್ ಹತ್ತಿದೆ. ಚನ್ನರಾಯಪಟ್ಟಣದಲ್ಲಿ ಕಾರ್ಯದರ್ಶಿ ಜೊತೆಯಾದರು.

ಆಕೆಯ ಮನೆ ಹೈವೇ ಹೋಟೆಲುಗಳ ಬೆನ್ನಿಗೆ, ಒಂದು ರಾಗಿ ಮಿಲ್ಲಿನ ಪಕ್ಕದಲ್ಲಿತ್ತು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ಲಾರಿ ಮೇಲೆ ಹೋದರೆ ವಾರಕ್ಕೊಮ್ಮೆ ಬರುವವರು, ದನದ ಕೆಲಸವೆಲ್ಲ ಇವರದೇ. ಒಂದು ಜೊತೆ ಎತ್ತಿದ್ದವು, ಅವಳಿಗಳಂತೆ ಒಂದೇ ಬಣ್ಣ, ಒಂದೇ ಕೊಂಬು. ಜೊತೆ ಕಟ್ಟಿದ ದಿನ ಎರಡಕ್ಕೂ ಹೊರಗಿನ ಕಿವಿಗೆ ಸೀಳು ಹಾಕಿದ್ದರು: ನೊಗದ ಎಡಕ್ಕೆ ದುಡಿಯುವುದಕ್ಕೆ ಎಡಗಿವಿ, ಬಲಕ್ಕೆ ದುಡಿಯುವುದಕ್ಕೆ ಬಲಗಿವಿ. ಬಲದೆತ್ತು ಹೊಟ್ಟೆಯುಬ್ಬರ ಬಂದು ಸತ್ತುಹೋಗಿತ್ತು. ಒಂಟಿಯಾದದ್ದು ಮೇವು ಮೂಸಿ ಬಿಡುತ್ತಿತ್ತು. ಇನ್ನೊಂದು ಎತ್ತಿನ ಪಕ್ಕದಲ್ಲಿ ನಿಂತರೆ ಬದುಕುತ್ತದೆ ಎಂದು ಮಾರಲು ಹೊರಟಿದ್ದರು.

“ಸತ್ತೋನ್ ಫೋಟೋ ತೋರ್ಸಿ ಇದ್ದೋನ್ನ ಮಾರ್ತಾವ್ಳೆ ಅಂದ್ಬುಟ್ಟ ಕಣವ್ವಾ” ಅಂದರು. “ಓಟ್ಲು ಮುಂದೆ. ಆ ಓಟ್ಲಿಗೆ ದಿನಾ ಆಲು ಕರ್ದು ಆಕೋದು ನಾನೇಯ.”

ನಾನು ಎತ್ತನ್ನು ನೋಡಿದೆ. ಸೀಳು ಎಡಗಿವಿಯಲ್ಲಿತ್ತು. ನನ್ನ ಫೋನ್ ತೆರೆದೆ. ಬಲಗಿವಿಯಲ್ಲಿತ್ತು. ಫೋಟೋವನ್ನು ಯಾಕೆ ಈ ಮಗ್ಗುಲಿನಿಂದ ಹಿಡಿದಿರಿ ಎಂದು ಕೇಳಿದೆ. ಆಕೆ ನನ್ನನ್ನೇ ನೋಡಿದರು, ಮಗು ಏನೋ ಕೇಳಿದಂತೆ.

“ಎಡದೆತ್ತಲ್ವಾ? ಎಡದೆತ್ತ ಎಡಗಡೆಯಿಂದ್ಲೇ ತಾನೆ ಇಡ್ಯೋದು.”

ಕಾರ್ಯದರ್ಶಿ ತಲೆಯಾಡಿಸಿದರು. ಅದು ಇಲ್ಲಿನವರ ರೂಢಿಯಂತೆ. ಎಡಕ್ಕೆ ದುಡಿಯುವ ಎತ್ತಾದರೆ ಅದರ ಎಡ ಮೈ, ಬಲದ್ದಾದರೆ ಬಲ ಮೈ ಹಿಡಿದೇ ಚಿತ್ರ ತೆಗೆಯುವುದು. ಮುಖ ಯಾವ ಕಡೆಗಿದೆ ಎಂದು ನೋಡಿದರೆ ಸಾಕು, ನೊಗದ ಯಾವ ಕಡೆಯ ಎತ್ತು ಎಂದು ಗೊತ್ತಾಗುತ್ತದೆ. ಬಾಯಲ್ಲಿ ಕೇಳುವುದೇ ಇಲ್ಲ. ಯಾರೂ ನನಗೆ ಹೇಳಿರಲಿಲ್ಲ, ಯಾಕೆಂದರೆ ಅದು ಹೇಳಬೇಕಾದ ವಿಷಯ ಎಂದು ಯಾರಿಗೂ ಅನ್ನಿಸಿರಲಿಲ್ಲ. ಸಂತೆಯ ಹಾಗಿದೆ ಎಂದು ನಾನು ಒರೆಸಿಹಾಕಿದ್ದು ಅವರ ಬರಹವನ್ನು. ನಾಲ್ಕು ತಾಲ್ಲೂಕಿನ ಎಡದೆತ್ತುಗಳನ್ನೆಲ್ಲ ಬಲದೆತ್ತು ಮಾಡಿ ಕೂತಿದ್ದೆ. ಈಕೆಯ ಬದುಕಿದ ಎತ್ತನ್ನು ತಿರುಗಿಸಿ, ಕಿವಿಯ ಸೀಳಿನ ಸಮೇತ, ಸತ್ತ ಎತ್ತನ್ನು ಮಾಡಿದ್ದೆ.

ತಪ್ಪು ನನ್ನದು ಎಂದು ಹೇಳಿದೆ. ಹೇಗೆ ಆಯಿತು ಎಂದೂ ಹೇಳಿದೆ. ಆಕೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಿತ್ತು.

“ನಿಮ್ ತಪ್ಪಾದ್ರೆ ಅಲ್ಲಿ ಬಂದು ನೀವೇ ಏಳ್ರವ್ವಾ. ನಾನೇಳಿದ್ರೆ ಯಾರ್ ನಂಬ್ತರೆ?”

ಮೂಲ ಫೋಟೋ ನಿಮ್ಮ ಫೋನಿನಲ್ಲಿದೆಯಾ ಎಂದು ಕೇಳಿದೆ. ಕೇಳುವಾಗಲೇ ಉತ್ತರ ಗೊತ್ತಿತ್ತು. ಅಳಿಸಿ ಎಂದು ಬರೆದವಳು ನಾನೇ.

ವಾಪಸ್ ಬರುವಾಗ ಬಸ್ಸಿನಲ್ಲಿ ಕಾರ್ಯದರ್ಶಿ ಮೆಲ್ಲಗೆ ಒಂದು ದಾರಿ ಸೂಚಿಸಿದರು. ಸರ್ವರ್ ಪ್ರಾಬ್ಲಂ ಅಂದುಬಿಡೋಣ, ಚಿತ್ರಗಳನ್ನು ತೆಗೆದು ಹೊಸದಾಗಿ ತರಿಸೋಣ, ಮೂರು ತಿಂಗಳಲ್ಲಿ ಎಲ್ಲರೂ ಮರೆಯುತ್ತಾರೆ. ನನ್ನ ಮರ್ಯಾದೆ ಉಳಿಸಲಿಕ್ಕೇ ಹೇಳಿದ್ದು, ಕೆಟ್ಟ ಮನಸ್ಸಿನಿಂದಲ್ಲ. ವಯಸ್ಸಾದ ಹೆಂಗಸಿಗೆ ಯಾಕೆ ಕೊಟ್ಟಿರಿ ಎಂದು ನಾಳೆ ಅವರನ್ನೂ ಕೇಳುತ್ತಾರಲ್ಲ.

ಒಪ್ಪಿಕೊಳ್ಳುವ ಆಸೆ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಸರ್ವರ್ ಪ್ರಾಬ್ಲಂ ಎಂಬ ಎರಡು ಮಾತು ನನ್ನನ್ನು ಮುಚ್ಚುತ್ತದೆಯೇ ಹೊರತು ಆ ಹೋಟೆಲ್ ಮುಂದೆ ನಿಂತವಳನ್ನು ಮುಚ್ಚುವುದಿಲ್ಲ. ಇಳಿಯುವ ಮುಂಚೆ ಅವರಿಗೆ ಹೇಳಿದೆ: ಭಾನುವಾರ ಸಭೆಗೆ ನಾನು ಬರುತ್ತೇನೆ, ನಾನು ಮಾಡಿದ್ದನ್ನು ಎಲ್ಲರೆದುರು ಮಾಡಿ ತೋರಿಸುತ್ತೇನೆ. ಮೂಲ ಫೋಟೋ ಸಿಕ್ಕರೆ ತೋರಿಸುತ್ತೇನೆ, ಸಿಗದಿದ್ದರೆ ಬರೀ ಬಾಯಲ್ಲಾದರೂ ಹೇಳುತ್ತೇನೆ.

ಹುಡುಕಿದೆ. ಹಳೆಯ ಡಿಸ್ಕು ಖಾಲಿ. ಪ್ರೋಗ್ರಾಂನ ದಾಖಲೆಯಲ್ಲಿ ಫೈಲುಗಳ ಹೆಸರು ಮಾತ್ರ ಇತ್ತು, ಚಿತ್ರವಿಲ್ಲ. ಗುರುವಾರ ಬೆಳಿಗ್ಗೆ ಸುಮ್ಮನೆ ಬಕೆಟ್ಟಿನ ಮೀಟರ್ ನೋಡುತ್ತಾ ಕೂತಾಗ ಹಳೆಯ ಅನುಮಾನ ಮತ್ತೆ ಎದ್ದಿತು. ಇದು ಇನ್ನೂ ಇಳಿದಿಲ್ಲವಲ್ಲ. ನಾನು ಇಟ್ಟಿರುವ ಫೈಲುಗಳ ತೂಕ ಕೂಡಿಸಿದೆ. ಮೀಟರ್ ತೋರಿಸುತ್ತಿದ್ದುದು ಅದರ ಎಷ್ಟೋ ಪಟ್ಟು. ಉಳಿದ ತೂಕ ಯಾವುದರದ್ದು?

ಫಾರಂ ತೆರೆದು ನನ್ನ ಟಿಕ್‌ಗಳನ್ನು ಒಂದೊಂದಾಗಿ ಓದಿದೆ. ಈ ಸಲ ಅರ್ಥ ಮಾಡಿಕೊಂಡು ಓದಿದೆ. ನಾಲ್ಕನೆಯದು ವರ್ಷನಿಂಗ್. ಅದು ಆನ್ ಇದ್ದರೆ, ಒಂದು ಫೈಲಿನ ಮೇಲೆ ಇನ್ನೊಂದನ್ನು ಬರೆದರೂ ಹಳೆಯದು ಅಳಿಯುವುದಿಲ್ಲ. ಕಣ್ಣಿಗೆ ಕಾಣದಂತೆ ಕೆಳಗೆ ಕೂತಿರುತ್ತದೆ. ಹಳೆಯ ವರ್ಷನ್‌ಗಳನ್ನೂ ತೋರಿಸು ಎಂದು ಆಜ್ಞೆ ಕೊಟ್ಟೆ. ಪಟ್ಟಿ ಉದ್ದಕ್ಕೆ ಇಳಿಯಿತು. ಪ್ರತಿ ಹೆಸರಿನ ಕೆಳಗೆ ಅದೇ ಹೆಸರು ಇನ್ನೊಮ್ಮೆ, ನಾಲ್ಕು ಎಂಬಿ, ಐದು ಎಂಬಿ. ಹಿರೀಸಾವೆಯದನ್ನು ಇಳಿಸಿ ತೆರೆದೆ. ಎತ್ತು ಎಡಕ್ಕೆ ಮುಖ ಮಾಡಿ ನಿಂತಿತ್ತು. ಹಿಂದೆ, ನಾನು ಕತ್ತರಿಸಿ ಎಸೆದಿದ್ದ ಗೋಡೆಯ ಮೇಲೆ, ರಾಗಿ ಮಿಲ್ ಎಂದು ನೀಲಿ ಅಕ್ಷರಗಳು ನೆಟ್ಟಗೆ ಓದಿಸಿಕೊಳ್ಳುತ್ತಿದ್ದವು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ.

ಆಮೇಲಿನ ಎರಡೂವರೆ ದಿನ ಬರೀ ಕೆಲಸ. ಮೂಲ ಫೋಟೋಗಳಿಗೆಂದೇ ಬೇರೆ ಬಕೆಟ್ ತೆರೆದೆ. ಅದರೊಳಗೆ ಬಿದ್ದದ್ದನ್ನು ಓದಬಹುದು, ಬದಲಿಸುವಂತಿಲ್ಲ, ನಾನೂ ಬದಲಿಸುವಂತಿಲ್ಲ, ಹಾಗೆ ಬೀಗ ಹಾಕಿದೆ. ಹಳೆಯ ವರ್ಷನ್‌ಗಳನ್ನು ಒಂದೊಂದಾಗಿ ಅಲ್ಲಿಗೆ ನಕಲು ಮಾಡಿದೆ. ಪ್ರೋಗ್ರಾಂನಿಂದ ತಿರುಗಿಸುವ ಸಾಲನ್ನು ತೆಗೆದೆ, ಕತ್ತರಿಸುವ ಸಾಲನ್ನೂ ತೆಗೆದೆ, ಸೈಟಿನ ಚಿತ್ರಗಳನ್ನೆಲ್ಲ ಮೂಲದಿಂದ ಹೊಸದಾಗಿ ಮಾಡಿ ಅದೇ ಹೆಸರಲ್ಲಿ ಹಾಕಿದೆ. ಇನ್ನು ಮೇಲೆ ಚಿತ್ರ ಕುಗ್ಗಬಹುದಷ್ಟೆ. ಚೌಕದಲ್ಲಿ ಹಿಡಿಸದಿದ್ದರೆ ಮೇಲೆ ಕೆಳಗೆ ಬಿಳಿ ಜಾಗ ಬಿಡಲಿ. ನೋಡಲು ಅಷ್ಟು ಚಂದವಿಲ್ಲ. ಇರಲಿ. ಹತ್ತು ಹನ್ನೆರಡು ಫೋಟೋಗಳ ಫೈಲು ಕೆಟ್ಟು ತೆರೆಯಲೇ ಇಲ್ಲ. ಆ ಸದಸ್ಯರಿಗೆಲ್ಲ ಫೋನ್ ಮಾಡಿ ಕ್ಷಮೆ ಕೇಳಿ ಮತ್ತೆ ತೆಗೆಸಿಕೊಂಡೆ.

ಭಾನುವಾರ ಸಂಘದ ಹಾಲ್‌ನಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ಹಿರೀಸಾವೆಯಾಕೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಸೆರಗು ಬಿಗಿದು ಕೂತಿದ್ದರು. ಅರಕಲಗೂಡಿನವರು ಮುಂದಿನ ಸಾಲಿನಲ್ಲಿ, ಬಿಳಿ ಶರ್ಟು, ಕೈಯಲ್ಲಿ ಫೋನು. ಕಾರ್ಯದರ್ಶಿ ಲ್ಯಾಪ್‌ಟಾಪನ್ನು ಗೋಡೆಗೆ ಚಿತ್ರ ಬಿಡುವ ಪ್ರೊಜೆಕ್ಟರಿಗೆ ಜೋಡಿಸಿಕೊಟ್ಟರು.

ನಾನು ಭಾಷಣ ಮಾಡಲಿಲ್ಲ. ಮೂಲ ಫೋಟೋ ತೋರಿಸಿದೆ. “ಇದು ಆಯಮ್ಮ ಹಾಕಿದ್ದು” ಅಂದೆ. ತಿರುಗಿಸುವ ಸಾಲನ್ನು ಅವರೆದುರೇ ಬರೆದು ಒತ್ತಿದೆ. ಎತ್ತು ಬಲಕ್ಕೆ ಹೊರಳಿತು, ಗೋಡೆಯ ಮೇಲಿನ ಅಕ್ಷರಗಳು ತಲೆಕೆಟ್ಟವರಂತೆ ಹಿಂದುಮುಂದಾದವು. ಅಂಚು ಕತ್ತರಿಸಿದೆ. ಅಕ್ಷರಗಳು ಮಾಯವಾದವು. ಉಳಿದದ್ದು ಅವರು ಎರಡು ವಾರದಿಂದ ಸೈಟಿನಲ್ಲಿ ನೋಡುತ್ತಿದ್ದ ಚಿತ್ರ. “ಇದು ನಾನು ಮಾಡಿದ್ದು. ಚಂದ ಕಾಣಲಿ ಅಂತ. ನಿಮ್ಮ ಎಡದೆತ್ತುಗಳನ್ನೆಲ್ಲ ಹೀಗೇ ಮಾಡಿದೆ. ಆಯಮ್ಮನ ತಪ್ಪು ಇದರಲ್ಲಿ ಒಂದು ಕೂದಲೆಳೆಯಷ್ಟೂ ಇಲ್ಲ. ಈಗ ಸೈಟಿನಲ್ಲಿ ಎಲ್ಲ ಸರಿ ಮಾಡಿದ್ದೇನೆ.”

ಯಾರೋ ಹಿಂದಿನಿಂದ, “ಅದ್ಕೇಯ ಎಡದೆತ್ತೇ ಕಾಣ್ತಿರ್ನಿಲ್ಲ” ಅಂದರು. ನಗು ಎದ್ದಿತು. ಅರಕಲಗೂಡಿನವರು ನಗಲಿಲ್ಲ. ತಮ್ಮ ಫೋನನ್ನು ನನ್ನ ಕಡೆ ಎತ್ತಿ ಹಿಡಿದರು.

“ಗೋಡೆ ಮ್ಯಾಲೆ ನೀವ್ ಏನ್ ಬೇಕಾದ್ರೂ ತೋರಿಸ್ಬೋದು ಮೇಡಮ್ಮಾರೆ. ಸರಿ ಮಾಡಿವ್ನಿ ಅಂತೀರಿ. ನನ್ ಫೋನಲ್ಲಿ ಇನ್ನೂ ಬಲಕ್ಕೇ ನಿಂತವ್ನಲ್ಲ?”

ನಿಜವಾಗಿಯೂ ಬಲಕ್ಕೇ ನಿಂತಿತ್ತು. ಬಾಗಿಲ ಹತ್ತಿರದ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು. ನನ್ನ ಪ್ರೋಗ್ರಾಂನ ಸಾಲುಗಳನ್ನು ಮೇಲಿನಿಂದ ಓದುತ್ತಾ ಬಂದೆ. ಆಮೇಲೆ ನೆನಪಾಯಿತು. ಪೇಜ್ ಬೇಗ ತೆರೆಯಲೆಂದು ಚಿತ್ರಗಳ ಮೇಲೆ ನಾನೇ ಒಂದು ಸೂಚನೆ ಬರೆದಿದ್ದೆ: ಒಮ್ಮೆ ಇಳಿಸಿಕೊಂಡ ಫೋನು ಒಂದು ವರ್ಷ ಮತ್ತೆ ಕೇಳಬೇಕಾಗಿಲ್ಲ, ತನ್ನ ಬಳಿ ಇಟ್ಟುಕೊಂಡದ್ದನ್ನೇ ತೋರಿಸಲಿ ಎಂದು. ಹೆಸರು ಅದೇ ಇರುವವರೆಗೆ ಅವರ ಫೋನು ಹಳೆಯ ಸುಳ್ಳನ್ನೇ ನಂಬಿಕೊಂಡಿರುತ್ತದೆ.

ಇದೂ ನನ್ನದೇ, ಐದು ನಿಮಿಷ ಕೊಡಿ ಎಂದೆ. ಕಾರ್ಯದರ್ಶಿಯ ಫೋನಿನಿಂದ ನೆಟ್ ತೆಗೆದುಕೊಂಡು, ಸರಿಯಾದ ಚಿತ್ರಗಳನ್ನೆಲ್ಲ ಹೊಸ ಹೆಸರಿನ ಫೋಲ್ಡರಿಗೆ ಹಾಕುವಂತೆ ಮಾಡಿ, ಪೇಜಿನ ಲಿಂಕುಗಳನ್ನು ಅದಕ್ಕೆ ತಿರುಗಿಸಿದೆ. ಮೊದಲ ದಿನ ಸೋಮಾರಿತನದಿಂದ ಬಿಟ್ಟಿದ್ದ ಕೆಲಸ ಅದೇ. ಒಂದು ಸಲ ತಪ್ಪು ಒತ್ತಿ, ಮತ್ತೆ ಬರೆದೆ. ಐದು ನಿಮಿಷ ಹತ್ತಾಯಿತು, ಯಾರೂ ಎದ್ದು ಹೋಗಲಿಲ್ಲ.

“ಈಗ ಒಮ್ಮೆ ರಿಫ್ರೆಶ್ ಮಾಡಿ” ಅಂದೆ.

ಅವರು ಹೆಬ್ಬೆರಳಿನಿಂದ ಸ್ಕ್ರೀನನ್ನು ಕೆಳಗೆ ಎಳೆದರು. ನೋಡಿದರು. ಚಿತ್ರವನ್ನು ಹಿಗ್ಗಿಸಿ ಕಿವಿ ನೋಡಿದರು, ಗೋಡೆಯ ಅಕ್ಷರ ತುಟಿಯಲ್ಲೇ ಓದಿಕೊಂಡರು. ಪಕ್ಕದವರಿಗೆ ಕೊಟ್ಟರು. ಫೋನು ಸಾಲಿನುದ್ದಕ್ಕೂ ಕೈಯಿಂದ ಕೈಗೆ ಹೋಗಿ ಬಾಗಿಲ ತನಕ ತಲುಪಿತು. ಅರಕಲಗೂಡಿನವರು ಎದ್ದು ಆ ಕಡೆ ತಿರುಗಿದರು.

“ತಾಯೀ, ಎಡದೆತ್ತೇಯ. ನಾನಂದಿದ್ದು ತಪ್ಪಾಯ್ತು. ಓಟ್ಲು ಮುಂದೆ ಅಂದಿದ್ದೆ, ಓಟ್ಲು ಮುಂದೇನೇ ಬಂದು ಏಳ್ತೀನಿ.”

ಹಿರೀಸಾವೆಯಾಕೆ ಫೋನನ್ನು ಸೆರಗಿನಿಂದ ಒರೆಸಿ ಮುಂದಕ್ಕೆ ಕಳಿಸಿದರು. “ಬರೋರು ಬರಿಗೈಲಿ ಬರ್ಬ್ಯಾಡಿ. ಎಡದೆತ್ತು ಬೇಕಾದೋರ್ನ ಕರ್ಕಂಡೇ ಬನ್ನಿ” ಅಂದರು. ಈ ಸಲ ಅವರೂ ನಕ್ಕರು.

ಅರಕಲಗೂಡಿನವರು ಕರೆದುಕೊಂಡೇ ಬಂದರಂತೆ. ಹೊಳೆನರಸೀಪುರದ ಕಡೆಯ ಅವರ ಭಾವಮೈದ. ಎಡದೆತ್ತೆಲ್ಲ ಎಲ್ಲಿಗೆ ಹೋದವೋ ಎಂದು ಕಾರ್ಯದರ್ಶಿಯನ್ನು ಕೇಳಿದ್ದವರು ಅವರೇ. ಅವರ ಕೊಟ್ಟಿಗೆಯಲ್ಲಿ ಒಂದು ಬಲದೆತ್ತು ಒಂಟಿಯಾಗಿ ನಿಂತಿತ್ತು. ಹೋಟೆಲ್ ಮುಂದೆ ಎಲ್ಲರಿಗೂ ಟೀ ಆಯಿತಂತೆ, ಹಿರೀಸಾವೆಯಾಕೆಯದೇ ಹಾಲಿನಲ್ಲಿ.

ನಾನು ಕೆಲಸ ಬಿಡುತ್ತೇನೆ ಎಂದು ಕಾರ್ಯದರ್ಶಿಗೆ ಹೇಳಿದ್ದೆ. ಅವರು ಕೇಳಿಸಿಕೊಳ್ಳಲಿಲ್ಲ. ಮುಂದಿನ ವಾರ ಹಸುಗಳ ಹಾಲಿನ ದಾಖಲೆಯನ್ನೂ ಸೈಟಿಗೆ ಸೇರಿಸಬೇಕು ಎಂದು ಪಟ್ಟಿ ಕಳಿಸಿದರು. ಕಾಲಂ ಮಾಡುವ ಮುಂಚೆ ಈ ಸಲ ನಾನು ಎರಡು ದಿನ ಊರೂರಿನ ಬಸ್ ಹತ್ತಿಳಿದು, ಯಾಕೆ ಹೀಗೆ ಬರೆಯುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಕೆಲವರು ನಕ್ಕರು. ನಗಲಿ.

ಮೊನ್ನೆ ಹಿರೀಸಾವೆಯಾಕೆ ಒಂದು ಫೋಟೋ ಕಳಿಸಿದರು. ಹೊಳೆನರಸೀಪುರಕ್ಕೆ ಹೋಗಿ ನೋಡಿಕೊಂಡು ಬಂದಿದ್ದರು. ನೊಗ ಹೊತ್ತ ಎರಡು ಎತ್ತುಗಳನ್ನು ಹಿಂದಿನಿಂದ ತೆಗೆದ ಚಿತ್ರ. ಹೊಲ, ಬೇಲಿ, ಯಾರದೋ ಟವೆಲ್ಲು, ಎಲ್ಲ ಅದರಲ್ಲಿದೆ. ಜೊತೆಗೆ ಧ್ವನಿಯ ಸಂದೇಶ: “ಎಡಕ್ಕಿರೋದು ನಮ್ಮೋನು. ಚೆಂದಾಗಿ ಮೇಯ್ತಾವ್ನೆ. ಮತ್ತೆ ತಿರುಗಿಸ್ಬುಟ್ಟೀರಾ, ಜ್ವಾಕೆ ಕಣವ್ವಾ.”

ಅದನ್ನು ಬೀಗ ಹಾಕಿದ ಬಕೆಟ್ಟಿಗೆ ಏರಿಸಿದೆ. ಪೇಜ್ ತೆರೆದು ನೋಡಿದೆ. ಕೆಲವು ಎಡಕ್ಕೆ, ಕೆಲವು ಬಲಕ್ಕೆ, ಒಂದರ ಪಕ್ಕ ಒಂದು. ನಮ್ಮೋನು ಎಡಕ್ಕೇ ಇದ್ದಾನೆ.